ಪುರುಷರ ಪ್ರಜನನ ಆರೋಗ್ಯ: ವೈದ್ಯಕೀಯ ತಪಾಸಣೆ ಮತ್ತು ಶುಚಿತ್ವ

ಹಲ್ಲು ನೋಯತೊಡಗಿದರೆ ಮರುದಿನವೇ ವೈದ್ಯರಲ್ಲಿಗೆ ಹೋಗುವ ಪುರುಷನು, ವೃಷಣದಲ್ಲಿ ಗಂಟೊಂದು ಕೈಗೆ ತಗುಲಿದರೆ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಉಳಿಯುವುದುಂಟು. ಇದಕ್ಕೆ ಕಾರಣ ಸಂಕೋಚ. ಪ್ರಜನನಾಂಗಗಳೂ ದೇಹದ ಇತರ ಅಂಗಗಳಂತೆಯೇ ರೋಗಕ್ಕೆ ಒಳಗಾಗುತ್ತವೆ, ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣವಾಗುತ್ತವೆ. ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮತ್ತೊಂದು ತೊಡಕೂ ಇದೆ. ತಾಯ್ನುಡಿಯಲ್ಲೇ ಹೇಳಲು ನಾಚುವ ಮಾತನ್ನು ಪರಭಾಷೆಯಲ್ಲಿ ಹೇಗೆ ಹೇಳುವುದು? ಆದುದರಿಂದ ತಪಾಸಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ವೈದ್ಯರು ಕೇಳುವ ಪ್ರಶ್ನೆಗಳು

ತಪಾಸಣೆಯು ಮಾತಿನಿಂದ ಆರಂಭವಾಗುತ್ತದೆ. ತೊಂದರೆ ಎಂದು ಮೊದಲಾಯಿತು, ನೋವಿದೆಯೇ, ಮೂತ್ರ ಮಾಡುವಾಗ ಉರಿಯಿದೆಯೇ, ಹುಣ್ಣು ಅಥವಾ ಕೀವು ಕಂಡಿದೆಯೇ ಎಂದು ವೈದ್ಯರು ವಿಚಾರಿಸುತ್ತಾರೆ. ಬಾಲ್ಯದಲ್ಲಿ ಆದ ಶಸ್ತ್ರಚಿಕಿತ್ಸೆ, ಪ್ರಾಯಕ್ಕೆ ಬಂದ ನಂತರ ಬಂದ ಮಂಗನಬಾವು, ಸಕ್ಕರೆ ಕಾಯಿಲೆ, ತಂಬಾಕು ಮತ್ತು ಮದ್ಯದ ಅಭ್ಯಾಸ, ಲೈಂಗಿಕ ಸಂಪರ್ಕ ಇವುಗಳ ಬಗೆಗೂ ಕೇಳುತ್ತಾರೆ. ಇವು ನಡತೆಯ ವಿಚಾರಣೆಯಲ್ಲ. ರೋಗದ ಮೂಲವನ್ನು ಅರಿಯುವ ದಾರಿ. ಬೇರೆಯವರ ಎದುರಿನಲ್ಲಿ ಹೇಳಲು ಇಷ್ಟವಿಲ್ಲದಿದ್ದರೆ ಏಕಾಂತದಲ್ಲಿ ಮಾತನಾಡಬೇಕೆಂದು ಕೋರಬಹುದು. ಭಾಷೆಯ ತೊಡಕಿರುವವರು ತೊಂದರೆ ಆರಂಭವಾದ ದಿನ, ಅದರ ಲಕ್ಷಣ, ಸೇವಿಸಿದ ಔಷಧಿ ಇವುಗಳನ್ನು ಬಲ್ಲವರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗುವುದು ಅನುಕೂಲ.

ದೈಹಿಕ ಪರೀಕ್ಷೆ

ರೋಗಿಯ ಒಪ್ಪಿಗೆ ಪಡೆದು, ಮರೆಯಿರುವ ಸ್ಥಳದಲ್ಲಿ, ಕೈಗವಸು ಧರಿಸಿ ವೈದ್ಯರು ಪರೀಕ್ಷಿಸುತ್ತಾರೆ. ತೊಡೆಸಂದಿನಲ್ಲಿ ಗ್ರಂಥಿಗಳು ಊದಿವೆಯೇ ಎಂದು ನೋಡುತ್ತಾರೆ. ಶಿಶ್ನದ ಮುಂದೊಗಲು ಸರಾಗವಾಗಿ ಹಿಂದೆ ಸರಿಯುತ್ತದೆಯೇ, ಅದರ ಒಳಗೆ ಹುಣ್ಣು ಅಥವಾ ಗಂಟು ಇದೆಯೇ ಎಂದು ಪರಿಶೀಲಿಸುತ್ತಾರೆ. ಬಳಿಕ ಎರಡೂ ವೃಷಣಗಳನ್ನು ಬೆರಳುಗಳಿಂದ ಮೃದುವಾಗಿ ಮುಟ್ಟಿ ಗಾತ್ರ ಮತ್ತು ಗಡಸುತನವನ್ನು ಗುರುತಿಸುತ್ತಾರೆ. ಗಾತ್ರವನ್ನು ಅಳೆಯಲು 1ರಿಂದ 25 ಮಿಲಿಲೀಟರ್‌ವರೆಗಿನ ಹನ್ನೆರಡು ಮಣಿಗಳ ಸರವೊಂದನ್ನು ಹೋಲಿಕೆಗೆ ಬಳಸುವುದುಂಟು. ಒಂದು ವೃಷಣ ಮತ್ತೊಂದಕ್ಕಿಂತ ತುಸು ಕೆಳಗಿರುವುದು ಸಹಜ.

ರೋಗಿಯನ್ನು ನಿಲ್ಲಿಸಿ ಕೆಮ್ಮಲು ಹೇಳುವುದು ಹರ್ನಿಯಾ ಇದೆಯೇ ಎಂದು ತಿಳಿಯಲು. ವೃಷಣದ ಮೇಲ್ಭಾಗದಲ್ಲಿ ರಕ್ತನಾಳಗಳು ಉಬ್ಬಿ ಹುಳುಗಳ ಗಂಟಿನಂತೆ ಕೈಗೆ ತಗುಲಿದರೆ ಅದು ವೇರಿಕೋಸೀಲ್. ಇದು ಹೆಚ್ಚಾಗಿ ಎಡಭಾಗದಲ್ಲಿ ಕಾಣಿಸುತ್ತದೆ. ವೃಷಣಚೀಲದಲ್ಲಿ ನೀರು ತುಂಬಿ ಊದಿಕೊಂಡರೆ, ಕತ್ತಲಲ್ಲಿ ಟಾರ್ಚಿನ ಬೆಳಕನ್ನು ಹಿಡಿದಾಗ ಊತವು ಸಾಮಾನ್ಯವಾಗಿ ಕೆಂಪಗೆ ಹೊಳೆಯುತ್ತದೆ. ಇದೇ ಹೈಡ್ರೋಸೀಲ್. ಸೊಳ್ಳೆಯಿಂದ ಹರಡುವ ಆನೆಕಾಲು ರೋಗವು ಇದಕ್ಕೆ ಒಂದು ಕಾರಣ. ಕಲಬುರಗಿ, ಬೀದರ್ ಮುಂತಾದ ಕಡೆಗಳಲ್ಲಿ ಈ ರೋಗ ಕಂಡುಬಂದಿರುವುದರಿಂದ, ಆ ಭಾಗದಿಂದ ಬಂದು ನೆಲೆಸಿದವರು ತಮ್ಮ ಊರಿನ ಹೆಸರನ್ನು ವೈದ್ಯರಿಗೆ ತಿಳಿಸಬೇಕು. ಹೈಡ್ರೋಸೀಲ್ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ.

ತಡಮಾಡಬಾರದ ಸಂದರ್ಭಗಳು

ವೃಷಣದಲ್ಲಿ ಒಮ್ಮೆಲೇ ತೀವ್ರವಾದ ನೋವು, ಜೊತೆಗೆ ವಾಂತಿ ಕಂಡರೆ ವೃಷಣವು ತಿರುಚಿಕೊಂಡು ಅದಕ್ಕೆ ರಕ್ತಸಂಚಾರ ನಿಂತಿರಬಹುದು. ಹದಿವಯಸ್ಸಿನ ಹುಡುಗರಲ್ಲಿ ಇದು ಹೆಚ್ಚು. ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣವನ್ನು ಬಹುಮಟ್ಟಿಗೆ ಉಳಿಸಬಹುದು. ದಿನ ಕಳೆದರೆ ಉಳಿಯುವ ಸಂಭವ ತೀರ ಕಡಿಮೆ. ಹುಡುಗರು ಇದನ್ನು ಹೊಟ್ಟೆನೋವು ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಅಂತಹ ರಾತ್ರಿಯಲ್ಲಿ ಬೆಳಗಾಗಲೆಂದು ಕಾಯದೆ, ಎಣ್ಣೆ ತಿಕ್ಕುತ್ತ ಕೂರದೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು ತಂದೆತಾಯಿಗಳ ಕರ್ತವ್ಯ.

ಹಿಂದೆ ಸರಿದ ಮುಂದೊಗಲು ಮುಂದಕ್ಕೆ ಬಾರದೆ ತುದಿ ಊದಿಕೊಂಡರೆ ಅದೂ ತುರ್ತು ಚಿಕಿತ್ಸೆಯ ವಿಷಯವೇ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕಂಡರೆ ನೋವಿಲ್ಲವೆಂದು ಉಪೇಕ್ಷಿಸಬಾರದು. ವೃಷಣದ ಕ್ಯಾನ್ಸರ್ ಯುವಕರಲ್ಲೂ ಬರುತ್ತದೆ. ಬೇಗ ಪತ್ತೆಯಾದರೆ ಬಹುತೇಕ ಗುಣವಾಗುತ್ತದೆ. ಗಂಡುಮಗುವಿಗೆ 6 ತಿಂಗಳು ತುಂಬಿದರೂ ವೃಷಣವು ಚೀಲಕ್ಕೆ ಇಳಿಯದಿದ್ದರೆ ಶಸ್ತ್ರವೈದ್ಯರಿಗೆ ತೋರಿಸಬೇಕು. ಒಂದು ವರ್ಷದ ಆಸುಪಾಸಿನಲ್ಲಿ ಅದನ್ನು ಸರಿಪಡಿಸುವುದು ಉತ್ತಮ.

ಸಂತಾನಹೀನತೆ ಮತ್ತು ವೀರ್ಯ ಪರೀಕ್ಷೆ

ಒಂದು ವರ್ಷ ನಿರೋಧಕಗಳಿಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ದಂಪತಿಗಳಿಬ್ಬರೂ ಪರೀಕ್ಷೆಗೆ ಒಳಗಾಗಬೇಕು. ದೋಷವೆಲ್ಲ ಹೆಣ್ಣಿನದೇ ಎಂಬ ಭಾವನೆ ತಪ್ಪು. ಇಂತಹ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಯು ಸರಳವಾದುದು. 2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು ಮಾದರಿಯನ್ನು ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಕೆಳಮಿತಿಯು ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣುಗಳು, ಅವುಗಳಲ್ಲಿ ಚಲನಶೀಲವಾದವು ಶೇ. 42. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ತಂದೆಯಾಗಲು ಅಸಾಧ್ಯವೆಂದು ಅರ್ಥವಲ್ಲ. ಒಂದೇ ಪರೀಕ್ಷೆಯಿಂದ ತೀರ್ಮಾನಿಸದೆ ಮತ್ತೆ ಪರೀಕ್ಷಿಸಲಾಗುತ್ತದೆ. ವೀರ್ಯಾಣುಗಳು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ತಂಬಾಕು ಬಿಟ್ಟ ಪರಿಣಾಮವೂ ಔಷಧಿಯ ಪರಿಣಾಮವೂ ತಿಳಿಯಲು ಅಷ್ಟು ಕಾಲ ತಾಳ್ಮೆ ಬೇಕು.

ಶುಚಿತ್ವದ ನಿಯಮಗಳು

ಪ್ರತಿದಿನ ಸ್ನಾನದ ವೇಳೆ ಮುಂದೊಗಲನ್ನು ಮೃದುವಾಗಿ ಹಿಂದೆ ಸರಿಸಿ, ಶುದ್ಧವಾದ ನೀರಿನಿಂದ ತೊಳೆದು, ಒರೆಸಿ, ಮತ್ತೆ ಮುಂದಕ್ಕೆ ತರಬೇಕು. ಒಳಗೆ ಸೇರುವ ಬಿಳಿಯ ಕೊಳೆಯು ಹಾಗೆಯೇ ಉಳಿದರೆ ದುರ್ವಾಸನೆ, ತುರಿಕೆ, ಉರಿಯೂತಗಳು ಉಂಟಾಗುತ್ತವೆ. ಕೀಟನಾಶಕ ದ್ರಾವಣಗಳೂ ಘಾಟಿನ ಸಾಬೂನೂ ಬೇಡ. ಅವು ಚರ್ಮವನ್ನು ಕೆಣಕುತ್ತವೆ. ಎಳೆಯ ಮಕ್ಕಳ ಮುಂದೊಗಲು ಸ್ವಾಭಾವಿಕವಾಗಿಯೇ ಅಂಟಿಕೊಂಡಿರುತ್ತದೆ. ಅದನ್ನು ಬಲವಂತವಾಗಿ ಎಳೆಯಬಾರದು. ದೊಡ್ಡವರಲ್ಲಿ ಮುಂದೊಗಲಿನ ಉರಿಯೂತ ಪದೇ ಪದೇ ಕಾಣಿಸಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.

ಬೆವರಿನ ಕೆಲಸ ಮಾಡುವವರಲ್ಲೂ ಒಂದೇ ಕೋಣೆಯಲ್ಲಿ ಹಲವರು ವಾಸಿಸುವೆಡೆಯಲ್ಲೂ ತೊಡೆಸಂದಿನ ಹುಳುಕಡ್ಡಿ ಬೇಗ ಹರಡುತ್ತದೆ. ಸಡಿಲವಾದ ಹತ್ತಿಯ ಒಳಉಡುಪನ್ನು ದಿನವೂ ಬದಲಿಸಿ, ಬಿಸಿಲಿನಲ್ಲಿ ಒಣಗಿಸಬೇಕು. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು. ಸ್ಟೀರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಿಂದ ತಾವೇ ಕೊಂಡು ಹಚ್ಚಿದರೆ ತುರಿಕೆ ಕೆಲದಿನ ಅಡಗಿ, ರೋಗವು ಮತ್ತಷ್ಟು ಹಬ್ಬುತ್ತದೆ.

ಸೋಂಕು, ಗೌಪ್ಯತೆ ಮತ್ತು ತಪ್ಪು ಕಲ್ಪನೆ

ಮೂತ್ರನಾಳದಿಂದ ಕೀವು, ಶಿಶ್ನದಲ್ಲಿ ಹುಣ್ಣು, ತೊಡೆಸಂದಿನಲ್ಲಿ ಗಡ್ಡೆ ಕಂಡರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ‘ಸುರಕ್ಷಾ ಕ್ಲಿನಿಕ್’ಗೆ ಹೋಗಬಹುದು. ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಬರುತ್ತದೆ. ನಿರೋಧ್‌ನ ಸರಿಯಾದ ಬಳಕೆಯು ಇಂತಹ ಬಹುತೇಕ ಸೋಂಕುಗಳನ್ನು ತಡೆಯಲು ನೆರವಾಗುತ್ತದೆ. ಎಚ್‌ಐವಿ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕೆಂದೂ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ವಿಧಿಸಿದೆ. ಮಾಹಿತಿಗಾಗಿ 1097 ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಮಾಡಬಹುದು.

ಸ್ವಪ್ನಸ್ಖಲನದಿಂದ ಧಾತು ನಷ್ಟವಾಗಿ ದೇಹ ಕ್ಷಯಿಸುತ್ತದೆ ಎಂಬ ಭಯ ನಮ್ಮ ಯುವಕರಲ್ಲಿ ಬಲವಾಗಿದೆ. ಈ ಭಯದಿಂದ ಹುಟ್ಟುವ ಬಳಲಿಕೆ, ಚಿಂತೆಗಳಿಗೆ ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಸ್ವಪ್ನಸ್ಖಲನವು ಸಹಜ ಕ್ರಿಯೆ. ಅದರಿಂದ ಶಕ್ತಿ ಕುಂದುವುದಿಲ್ಲ. ರೈಲು ನಿಲ್ದಾಣಗಳ ಬಳಿ ಗೋಡೆಬರಹಗಳಲ್ಲಿ ಕಾಣುವ ಗುಪ್ತರೋಗ ತಜ್ಞರಿಗೆ ತಿಂಗಳ ಸಂಬಳವನ್ನು ಸುರಿಯುವ ಬದಲು, ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರೊಡನೆ ಒಮ್ಮೆ ಮನಬಿಚ್ಚಿ ಮಾತನಾಡುವುದು ವಿವೇಕ. ಕೆಲವೇ ನಿಮಿಷಗಳ ಸಂಕೋಚವನ್ನು ಬದಿಗಿಟ್ಟರೆ ಅಂಗವೊಂದು ಉಳಿದೀತು, ಮನೆಯೊಂದರ ನೆಮ್ಮದಿ ಉಳಿದೀತು.