ಒಕ್ಕಲೂ ಒಕ್ಕಲುತನವೂ

ನಮ್ಮ ಭಾಷೆಯಲ್ಲಿ ‘ಮೂವತ್ತು ಒಕ್ಕಲಿನ ಹಳ್ಳಿ’ ಎಂದರೆ ಮೂವತ್ತು ಸಂಸಾರಗಳಿರುವ ಹಳ್ಳಿ, ‘ಒಕ್ಕಲುತನ’ವೆಂದರೆ ಬೇಸಾಯ. ಮನೆಯೂ ಹೊಲವೂ ಹೀಗೆ ಒಂದೇ ಮಾತಿನೊಳಗೆ ಸೇರಿಕೊಂಡಿರುವುದು ಆಕಸ್ಮಿಕವಲ್ಲ. ಸಂಸಾರವೊಂದು ತನ್ನ ಭೂಮಿಯನ್ನು ತನ್ನ ಕೈಗಳಿಂದಲೇ ಸಾಗುವಳಿ ಮಾಡಿಕೊಂಡು ಬಾಳುವ ಈ ಪದ್ಧತಿಯನ್ನು ಕುಟುಂಬ ವ್ಯವಸಾಯವೆಂದು ಕರೆದು, ವಿಶ್ವಸಂಸ್ಥೆಯು ೨೦೧೪ನೆಯ ಇಸವಿಯನ್ನೂ, ಅನಂತರ ೨೦೧೯ರಿಂದ ೨೦೨೮ರ ವರೆಗಿನ ದಶಕವನ್ನೂ ಅದಕ್ಕೆ ಮೀಸಲಾಗಿಟ್ಟಿತು. ೨೦೧೫–೧೬ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಗಳಲ್ಲಿ ನೂರಕ್ಕೆ ೮೬ರಷ್ಟು ಎರಡು ಹೆಕ್ಟೇರಿಗಿಂತ, ಎಂದರೆ ಸುಮಾರು ಐದು ಎಕರೆಗಿಂತ, ಚಿಕ್ಕವು. ಹೀಗಿರಲಾಗಿ ಬೇಸಾಯದ ವಿಷಯವನ್ನು ಎತ್ತುವುದೆಂದರೆ ಬಹುಮಟ್ಟಿಗೆ ಇಂಥ ಸಂಸಾರಗಳ ವಿಷಯವನ್ನೇ ಎತ್ತಿದಂತೆ.

ಪಟ್ಟಣದಲ್ಲಿರುವ ವಿದ್ಯಾವಂತರಾದ ನಾವು ಈ ಸಂಸಾರಗಳ ಲೆಕ್ಕವನ್ನು ತಪ್ಪಾಗಿ ಓದುತ್ತೇವೆ. ತಪ್ಪಾಗಿ ಓದಿ, ಆಮೇಲೆ ಬುದ್ಧಿ ಹೇಳುವುದಕ್ಕೆ ಹೊರಡುತ್ತೇವೆ. ಇದು ಹೇಗೆಂಬುದನ್ನು ವಿವರಿಸಲು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಅಕ್ಕಪಕ್ಕದ ಈ ಮೂರು ತಾಲ್ಲೂಕುಗಳಲ್ಲಿ ಬೇಸಾಯದ ಮೂರು ಬಗೆಗಳನ್ನು ಒಂದೇ ದಿನದಲ್ಲಿ ನೋಡಿಬರಬಹುದು. ಯಳಂದೂರು ಸುವರ್ಣಾವತಿಯ ನೀರನ್ನು ನೆಚ್ಚಿದ ಗದ್ದೆಗಳ ನಾಡು. ದಿವಾನ್ ಪೂರ್ಣಯ್ಯನವರಿಗೆ ೧೮೦೭ರಲ್ಲಿ ಜಹಗೀರಾಗಿ ಸಂದದ್ದು. ಕೊಳ್ಳೇಗಾಲ ಹಿಪ್ಪುನೇರಳೆಗೂ ರೇಷ್ಮೆಗೂ ಹೆಸರಾದದ್ದು. ೧೯೫೬ರ ನವೆಂಬರ್ ೧ರ ವರೆಗೆ ಅದು ಮದರಾಸಿನ ಆಡಳಿತಕ್ಕೆ ಒಳಪಟ್ಟ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಮೊದಲು ಕೊಳ್ಳೇಗಾಲಕ್ಕೇ ಸೇರಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕು. ಅದು ಬೆಟ್ಟದ ಅಂಚಿನ ಕೆಂಪು ನೆಲದ, ಮಳೆಯನ್ನೇ ನಂಬಿದ ರಾಗಿಯ ಸೀಮೆ.

ಹನೂರಿನಿಂದ ಮಲೆಯ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಮ್ಮೆ ರಾಗಿಯ ಹೊಲವೊಂದರ ಬದುವಿನ ಮೇಲೆ ನಿಂತೆವು. ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆಯ ಸಾಲು, ಅಲ್ಲಲ್ಲಿ ಜೋಳ, ಅಂಚಿನಲ್ಲಿ ಹುಚ್ಚೆಳ್ಳು, ಹರಳು. ಬರಿಯ ರಾಗಿಯನ್ನೇ ಹಾಕಿದ್ದರೆ ಇನ್ನೂ ಹೆಚ್ಚು ಬೆಳೆಯುತ್ತಿರಲಿಲ್ಲವೇ ಎಂದು ಕಳೆ ತೆಗೆಯುತ್ತಿದ್ದ ಮುದುಕಿಯನ್ನು ಕೇಳಿದೆವು. ನಮ್ಮ ಓದಿನಿಂದ ಬಂದ ಪ್ರಶ್ನೆ ಅದು.

“ರಾಗಿ ಹೆಚ್ಚಾಯ್ತದೆ ಸ್ವಾಮಿ, ಸುಳ್ಳಲ್ಲ. ಮಳೆ ಕೈಕೊಟ್ರೆ ಎಲ್ಲಾ ಒಟ್ಟಿಗೆ ಹೋಯ್ತದೆ” ಎಂದಳು.

ಈ ಉತ್ತರದಲ್ಲಿ ಅಕ್ಕಡಿ ಪದ್ಧತಿಯ ಶಾಸ್ತ್ರವೆಲ್ಲ ಅಡಗಿದೆ. ರಾಗಿ ಕೊಯ್ಲಾದ ಮೇಲೆಯೂ ಅವರೆ ಹೊಲದಲ್ಲಿ ನಿಂತು, ಹಿಂಗಾರಿನ ತೇವವನ್ನೂ ಇಬ್ಬನಿಯನ್ನೂ ಉಂಡು ಕಾಯಿಬಿಡುತ್ತದೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಕೂಡಿಸುತ್ತವೆ. ಜೋಳದ ದಂಟು ದನಕ್ಕೆ. ಹುಚ್ಚೆಳ್ಳು ಎಣ್ಣೆಗೆ, ಚಟ್ನಿಗೆ. ರಾಗಿಯನ್ನು ಹುಳು ಸುಲಭವಾಗಿ ಮುಟ್ಟದಾದ್ದರಿಂದ ಹಿಂದಿನವರು ಅದನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಎಕರೆಗೆ ಇಷ್ಟು ಪಲ್ಲ ರಾಗಿಯೆಂಬ ಒಂದೇ ಅಂಕಿಯಿಂದ ಅಳೆದರೆ ಈ ಹೊಲ ಹಿಂದುಳಿದದ್ದು. ವರ್ಷವಿಡೀ ಒಲೆ ಉರಿಯಿತೇ, ಹಸುವಿಗೆ ಮೇವಿತ್ತೇ ಎಂದು ಅಳೆದರೆ ಲೆಕ್ಕ ಬೇರೆಯಾಗುತ್ತದೆ.

ರೇಷ್ಮೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ಅಷ್ಟರಲ್ಲಿ ಅದು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ರೈತರು ಇದನ್ನು ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರವೆದ್ದ ಮೇಲಿನ ಒಂದು ವಾರದಲ್ಲಿ ಅದು ತಿನ್ನುವ ಸೊಪ್ಪು ಅದರ ಇಡೀ ಆಯುಷ್ಯದ ಮೇವಿನಲ್ಲಿ ನೂರಕ್ಕೆ ೮೦ಕ್ಕೂ ಹೆಚ್ಚು. ಆ ವಾರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ರೆಯಿಲ್ಲ. ಗಂಡಸರು ಸೊಪ್ಪು ತರಬೇಕು, ಹೆಂಗಸರು ರಾತ್ರಿಯೂ ಎದ್ದು ತಟ್ಟೆಗಳಿಗೆ ಹಾಕಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಇಷ್ಟಕ್ಕೂ ಕೂಲಿ ಕೊಟ್ಟು ಮಾಡಿಸುವುದಾದರೆ ಗೂಡಿನ ಬೆಲೆ ಎಷ್ಟೋ ಸಲ ಕೂಲಿಗೇ ಸಾಲದು. ಆದರೂ ಸಂಸಾರಗಳು ಹುಳು ಸಾಕುತ್ತವೆ. ಏಕೆಂದರೆ ಕೈಗೆ ನಗದು ಬರುವ ದಾರಿಗಳು ಹಳ್ಳಿಯಲ್ಲಿ ವಿರಳ.

ರಷ್ಯದ ಅರ್ಥಶಾಸ್ತ್ರಜ್ಞ ಚಯಾನೊವ್ ಎಂಬಾತನು ೧೯೨೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ನಿರೂಪಿಸಿದನು. ಕೂಲಿಯಾಳುಗಳನ್ನಿಟ್ಟ ಜಮೀನುದಾರನ ಲಾಭನಷ್ಟದ ಸೂತ್ರವು ರೈತಸಂಸಾರಕ್ಕೆ ಹೊಂದುವುದಿಲ್ಲ. ಉಣ್ಣುವ ಬಾಯಿಗಳ ಅಗತ್ಯವನ್ನೂ ದುಡಿಯುವ ಕೈಗಳ ಆಯಾಸವನ್ನೂ ತೂಗಿ ನೋಡಿ ಅದು ತನ್ನ ದುಡಿಮೆಯನ್ನು ಗೊತ್ತುಮಾಡಿಕೊಳ್ಳುತ್ತದೆ ಎಂಬುದು ಆತನ ವಾದ. ಈ ಬಗೆಯ ಮಾತು ಅಲ್ಲಿನ ಅಂದಿನ ಸರ್ಕಾರಕ್ಕೆ ರುಚಿಸಲಿಲ್ಲ. ೧೯೩೦ರಲ್ಲಿ ಸೆರೆಯಾದ ಆತನನ್ನು ೧೯೩೭ರಲ್ಲಿ ಗುಂಡಿಕ್ಕಿ ಕೊಂದರು. ಕೊಳ್ಳೇಗಾಲವನ್ನು ಆತ ಕಂಡವನಲ್ಲ. ಆದರೂ ಅಲ್ಲಿನ ಹುಳುಮನೆಯೊಳಕ್ಕೆ ಹೋದಾಗ ನಮಗೆ ಆತನ ನೆನಪಾಯಿತು.

ಹಾಗೆಂದು ಈ ಬಾಳನ್ನು ಹಾಡಿ ಹೊಗಳುವುದು ನಮ್ಮ ಉದ್ದೇಶವಲ್ಲ. ಲೆಕ್ಕಕ್ಕೆ ಬಾರದ ಆ ದುಡಿಮೆಯಲ್ಲಿ ಹೆಚ್ಚಿನ ಪಾಲು ಹೆಂಗಸರದು. ಹುಳು ಹಣ್ಣಾಗುವ ವಾರದಲ್ಲಿ ಶಾಲೆಯ ಬೆಂಚು ಖಾಲಿಯಾಗುವುದುಂಟು. ಕಾಡಿನ ಅಂಚಿನ ಹೊಲಗಳಲ್ಲಿ ಆನೆಗೂ ಹಂದಿಗೂ ಹೆದರಿ ಅಟ್ಟಣೆಯ ಮೇಲೆ ರಾತ್ರಿ ಕಳೆಯುವವನ ನಿದ್ರೆಗೆ ಯಾರೂ ಬೆಲೆ ಕಟ್ಟಿಲ್ಲ. ಅಣ್ಣತಮ್ಮಂದಿರು ಪಾಲಾದಂತೆ ಹೊಲ ತುಂಡಾಗುತ್ತದೆ. ಓದಿದ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅವನೊಡನೆ ಯಾವ ಸಾಲಿಗೆ ಯಾವ ಬೀಜವೆಂಬ ತಿಳಿವಳಿಕೆಯೂ ಊರು ಬಿಡುತ್ತದೆ. ಅದು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಬರೆದಿಟ್ಟದ್ದಲ್ಲ.

ಈಗ ಶಿಕ್ಷಣದ ಮಾತು. ರೈತನಿಗೆ ತಿಳಿಯಹೇಳುವ ಏರ್ಪಾಡುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ೧೯೬೬ರಿಂದ ಆಕಾಶವಾಣಿಯಲ್ಲಿ ಕೃಷಿಗೂ ಗೃಹಕ್ಕೂ ಪ್ರತ್ಯೇಕ ವಿಭಾಗಗಳು ಬಂದುವು; ೧೯೭೪ರಲ್ಲಿ ಪುದುಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರವು ಹುಟ್ಟಿತು; ಚಾಮರಾಜನಗರ ಜಿಲ್ಲೆಯ ಕೇಂದ್ರವು ಹರದನಹಳ್ಳಿಯಲ್ಲಿದೆ. ಇವುಗಳಿಂದ ಉಪಕಾರವಾಗಿದೆ. ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಮಾಡಿ ಲಕ್ಷ್ಮಣಯ್ಯನವರು ಪಡೆದ ಇಂಡಾಫ್ ತಳಿಗಳು ಎಷ್ಟೋ ಹೊಲಗಳ ಇಳುವರಿಯನ್ನು ಹೆಚ್ಚಿಸಿದುವು. ಆದರೆ ಈ ಏರ್ಪಾಡುಗಳಲ್ಲಿ ಮಾತು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ೧೯೫೬ರಲ್ಲಿ ಪುಣೆಯ ಸುತ್ತಿನ ಸುಮಾರು ೧೫೦ ಹಳ್ಳಿಗಳಲ್ಲಿ ನಡೆದ ಪ್ರಯೋಗವು ಹಾಗಿರಲಿಲ್ಲ. ಹಳ್ಳಿಗರು ವಾರಕ್ಕೆರಡು ಸಲ ಗುಂಪಾಗಿ ಕುಳಿತು ರೇಡಿಯೋ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳುಹಿಸುತ್ತಿದ್ದರು. ಕೇಳುವವನೂ ಮಾತನಾಡತಕ್ಕವನೆಂದು ಒಪ್ಪಿಕೊಂಡ ಏರ್ಪಾಡು ಅದು. ನಮ್ಮ ಅಭಿಪ್ರಾಯದಲ್ಲಿ ಅಂಥ ಗುಂಪುಗಳಲ್ಲಿ ಪಟ್ಟಣಿಗರಿಗೂ ಒಂದು ಚಾಪೆ ಹಾಸಬೇಕು. ಅಕ್ಕಿಯ ಬೆಲೆ ಏರಿದರೆ ಗೊಣಗುವವರೂ, ಸಾಲಮನ್ನಾ ಎಂದರೆ ಹುಬ್ಬುಗಂಟಿಕ್ಕುವವರೂ ನಾವೇ ತಾನೆ?

ಹನೂರಿನ ಆ ಮುದುಕಿಯೂ ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಳು: “ಹೋದ ವರ್ಷ ಮೈಸೂರಲ್ಲಿ ಅವರೆಕಾಯಿ ಏನ್ ಬೆಲೆ ಇತ್ತು ಸ್ವಾಮಿ?” ನಮಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ತರಕಾರಿ ಕೊಳ್ಳುವವರು ನಾವಲ್ಲ. ಊರಿಗೆ ಬಂದ ಮೇಲೆ ವಿಚಾರಿಸಿ ತಿಳಿದುಕೊಂಡೆವು; ತಿಳಿಸೋಣವೆಂದರೆ ಆಕೆಯ ಹೆಸರನ್ನೇ ನಾವು ಕೇಳಿಕೊಂಡಿರಲಿಲ್ಲ.