ಮೊದಲ ಸೂತ್ರದ ವಚನವಿಚಾರ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 1ನೆಯ ಅಧ್ಯಾಯದ 1ನೆಯ ಸೂತ್ರದಲ್ಲಿ ವಚನಭೇದವೊಂದು ಕಾಣುತ್ತದೆ. ದರ್ಶನ, ಜ್ಞಾನ, ಚಾರಿತ್ರಗಳು ಕೂಡಿದ ಸಮಾಸಪದವು ಬಹುವಚನದಲ್ಲಿದೆ; ವಿಧೇಯವಾದ ಮಾರ್ಗಶಬ್ದವು ಏಕವಚನದಲ್ಲಿದೆ. ಇದು ಪ್ರಮಾದವಲ್ಲ.

ಸಂಸ್ಕೃತದಲ್ಲಿ ದ್ವಂದ್ವವು ಎರಡು ಬಗೆಯದು. ಸಮಾಹಾರದ್ವಂದ್ವದಲ್ಲಿ ಅವಯವಗಳು ಒಂದೇ ಸಮೂಹವಾಗಿ ತೋರುವುದರಿಂದ ನಪುಂಸಕಲಿಂಗದ ಏಕವಚನ ಬರುತ್ತದೆ. ಇತರೇತರದ್ವಂದ್ವದಲ್ಲಿ ಅವು ಪ್ರತ್ಯೇಕವಾಗಿಯೇ ನಿಲ್ಲುವುದರಿಂದ ಎರಡಕ್ಕೆ ದ್ವಿವಚನ, ಮೂರಕ್ಕೆ ಬಹುವಚನ. ಸೂತ್ರಕಾರರು ಎರಡನೆಯದನ್ನು ಗ್ರಹಿಸಿ ಮೂರರ ಭೇದವನ್ನು ಉಳಿಸಿದರು. ಮಾರ್ಗ ಎಂಬ ಏಕವಚನದಿಂದ, ಮೂರೂ ಕೂಡಿದಲ್ಲದೆ ಮೋಕ್ಷಮಾರ್ಗವಾಗದೆಂದು ಸೂಚಿಸಿದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಏಕವಚನದ ಪ್ರಯೋಜನವನ್ನು ಹೀಗೆಯೇ ವಿವರಿಸಿದ್ದಾರೆ; ಆದಿಯ ಸಮ್ಯಕ್ ಶಬ್ದವು ಮೂರಕ್ಕೂ ಅನ್ವಯಿಸುವುದೆಂದೂ ಹೇಳಿದ್ದಾರೆ.

ಹಳಗನ್ನಡದ ಸಮುಚ್ಚಯಕ್ರಮ ಬೇರೆ. ಸಮಾಸವನ್ನು ಬಿಡಿಸಿದಾಗ ದರ್ಶನಮುಂ ಜ್ಞಾನಮುಂ ಚಾರಿತ್ರಮುಂ ಎಂದು ಪದಪದಕ್ಕೂ ಉಂ ಸೇರುತ್ತದೆ; ಬಹುವಚನಪ್ರತ್ಯಯದ ಅಪೇಕ್ಷೆಯಿಲ್ಲ. ಆದರೆ ಸಮ್ಯಕ್ ಶಬ್ದವನ್ನು ಮೊದಲ ಪದಕ್ಕೆ ಮಾತ್ರ ಇಟ್ಟರೆ ಉಳಿದೆರಡು ವಿಶೇಷಣವಿಲ್ಲದೆ ಉಳಿಯುವುವು. ಸೊನ್ನೆಯೂ ಇಲ್ಲಿ ಅಲ್ಪವಲ್ಲ. ಜ್ಞಾನವುಂ ಎಂಬಲ್ಲಿ ಅದು ಅಳಿದರೆ ಜ್ಞಾನವು ಎಂಬ ಬರಿಯ ಪ್ರಥಮಾರೂಪ ಉಳಿದು ಸಮುಚ್ಚಯಾರ್ಥ ಮರೆಯಾಗುತ್ತದೆ.

ಆದುದರಿಂದ ಓಲೆಯ ಪ್ರತಿಗಳನ್ನು ಪರಿಶೋಧಿಸುವವರು ಪ್ರತಿಯೊಂದು ಉಂಕಾರವನ್ನೂ ಎಣಿಸಿ ನೋಡಬೇಕು. ಉದ್ದೇಶ್ಯವು ಬಹುವಚನವೆಂದು ಮಾರ್ಗಶಬ್ದವನ್ನು ಬಹುವಚನಕ್ಕೆ ತಿದ್ದಬಾರದು. ತಿದ್ದಿದರೆ ಒಂದು ಮಾರ್ಗವು ಮೂರಾಗುತ್ತದೆ. ವ್ಯಾಕರಣವನ್ನು ಸರಿಪಡಿಸಹೋಗಿ ಸಿದ್ಧಾಂತವನ್ನೇ ಕೆಡಿಸಿದಂತಾಗುತ್ತದೆ.