ಕತ್ತರಿಗೆ ಬೆಳಕಿನ ಅಳತೆ

ಮಳೆಗಾಲದಲ್ಲಿ ಬೀದರದ ಚಿದ್ರಿಯ ಹೊಂಡಗಳಲ್ಲಿ ಈಜುವ ಗೊದಮೊಟ್ಟೆಗೆ ಬಾಲವುಂಟು. ಬೆಳೆದ ಕಪ್ಪೆಗೆ ಬಾಲವಿಲ್ಲ. ಹಾಗಾದರೆ ಆ ಬಾಲವೇನಾಯಿತು? 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ವಿಜ್ಞಾನಿಗಳು ಬಾಲದ ಜೀವಂತ ಚೂರುಗಳನ್ನು ಕೊಲಾಜನ್ನಿನ ಲೋಳೆಯ ಮೇಲಿರಿಸಿದರು. ಲೋಳೆ ಕರಗಿತು! ಕೊಲಾಜನ್ನನ್ನು ಕತ್ತರಿಸುವ ಕಿಣ್ವವು ಹೀಗೆ ಪತ್ತೆಯಾಯಿತು.

ಚರ್ಮ, ಎಲುಬು, ಕೀಲುಗಳಿಗೆ ಬಲವೀಯುವ ಪ್ರೋಟೀನೇ ಕೊಲಾಜನ್. ಅದು ಮೂರೆಳೆಗಳ ಹುರಿಹಗ್ಗದಂತಿದೆಯೆಂದು 1955ರಲ್ಲಿ ಮದರಾಸಿನಿಂದ ಸಾರಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಇದನ್ನು ಕಡಿಯುವ ಕಿಣ್ವಗಳು ನಮ್ಮ ದೇಹದಲ್ಲಿಯೂ ಇವೆ. ಮಿತಿಯಲ್ಲಿದ್ದರೆ ಅವು ಗಾಯ ಮಾಯಲು ನೆರವಾಗುತ್ತವೆ. ಮಿತಿಮೀರಿದರೆ ಸಂಧಿವಾತದಲ್ಲಿ ಕೀಲಿನ ಮೃದ್ವಸ್ಥಿಯನ್ನು ಸವೆಸುತ್ತವೆ. ಆದುದರಿಂದ ಅವುಗಳ ಚಟುವಟಿಕೆಯನ್ನು ಅಳೆಯುವುದು ಅವಶ್ಯ.

ಅಳೆಯುವುದೆಂತು? ಕೆಲವೇ ಅಮೈನೋ ಆಮ್ಲಗಳನ್ನು ಪೋಣಿಸಿದ ಸರಪಳಿಯೇ ಪೆಪ್ಟೈಡು. ಅದರ ಒಂದೆಡೆ ಅತಿನೇರಳೆ ಕಿರಣ ಬಿದ್ದಾಗ ಹೊಳೆಯುವ ಅಣುಗುಂಪನ್ನೂ, ಸಮೀಪದಲ್ಲಿಯೇ ಆ ಹೊಳಪನ್ನು ನುಂಗುವ ಇನ್ನೊಂದನ್ನೂ ಜೋಡಿಸುತ್ತಾರೆ. ಇವೆರಡೂ ಹತ್ತಿರವಿರುವವರೆಗೆ ದ್ರಾವಣವು ಮಂಕಾಗಿರುತ್ತದೆ. ಕಿಣ್ವವು ನಡುವೆ ಕತ್ತರಿಸಿದೊಡನೆ ಅವು ಅಗಲುತ್ತವೆ, ಬೆಳಕು ಹೊಮ್ಮುತ್ತದೆ. ಬೆಳಕು ಏರುವ ವೇಗವೇ ಕಿಣ್ವದ ಚಟುವಟಿಕೆಯ ಅಳತೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಈ ಗಿಡ್ಡ ಸರಪಳಿಯನ್ನು ಬೇರೆ ಕಿಣ್ವಗಳೂ ಕತ್ತರಿಸಬಲ್ಲವು. ಮೂರೆಳೆಯ ಹಗ್ಗವನ್ನು ಕಡಿಯಬಲ್ಲವು ಕೆಲವು ಮಾತ್ರ. ಬೆಳಕು ಕಂಡಮಾತ್ರಕ್ಕೆ ಹಗ್ಗ ಕಡಿಯಿತೆನ್ನಲಾಗದು. ಅದನ್ನು ನಿಜವಾದ ಕೊಲಾಜನ್ನಿನ ಮೇಲೆಯೇ ಪರೀಕ್ಷಿಸಬೇಕು.